ದೀನಮ್ಮನ ಎರಡು ಫೋನು

ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದರೆ ನನಗೆ ನೀಲಗಿರಿ ಎಣ್ಣೆಯ ವಾಸನೆ ಬರುತ್ತದೆ. ಜೊತೆಗಿದ್ದವರನ್ನು ಕೇಳಿ ನೋಡಿದ್ದೇನೆ, ಅವರಿಗೆ ಬರುವುದಿಲ್ಲ. ಈ ಸಲ ಪರೀಕ್ಷೆಯ ಡ್ಯೂಟಿ ಅಲ್ಲಿಗೇ ಬಿದ್ದಾಗ, ಆ ಸ್ಟೇಷನ್ನಿನ ಸಹವಾಸವೇ ಬೇಡವೆಂದು ಬೀರೂರಿನಿಂದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲೂ ಬಂತು. ಹತ್ತು ದಿನ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವಷ್ಟರಲ್ಲಿ, ಒಂದು ದಿನವೂ ಆ ಬೀದಿಯ ಕಡೆ ತಿರುಗಲಿಲ್ಲ. ಹನ್ನೊಂದನೆಯ ದಿನ, ಡ್ಯೂಟಿ ಮುಗಿದ ಮೇಲೆ, ಕಾಲು ತಾನಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಬೇಕೆಂದೇ ಹೋದೆ.

ಮುಂದಿನ ಮನೆ ಹಾಗೆಯೇ ಇತ್ತು. ಹಿಂದಿನ ಕೋಣೆಯಲ್ಲಿ ಈಗ ಯಾರೋ ಸಿಮೆಂಟಿನ ಖಾಲಿ ಚೀಲಗಳನ್ನು ಪೇರಿಸಿಟ್ಟಿದ್ದಾರೆ. ಮನೆಯೊಡತಿ ಮೆಹಬೂಬಿ ನನ್ನನ್ನು ಗುರುತು ಹಿಡಿದು ಕುರ್ಚಿ ಹಾಕಿದರು, ಚಹಾ ಕೊಟ್ಟರು. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದೆವು, ಪರೀಕ್ಷೆ ಬರೆದ ಅವರ ಮೊಮ್ಮಗಳ ಬಗ್ಗೆ ಮಾತಾಡಿದೆವು. ಯಾರ ಬಗ್ಗೆ ಮಾತಾಡಬೇಕಿತ್ತೋ ಅವರ ಹೆಸರು ಇಬ್ಬರ ಬಾಯಿಗೂ ಬರಲಿಲ್ಲ.

ನಮ್ಮ ಕ್ರೈಸ್ತ ಸಭೆ ದೊಡ್ಡದಲ್ಲ. ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಹೆಂಚಿನ ದೇವಾಲಯ, ಒಂದು ಗಂಟೆ, ಹನ್ನೆರಡು ಬೆಂಚು. ಸೇರಿದ ಮನೆಗಳು ನಲವತ್ತಾರು. ಬೀರೂರಿನಲ್ಲಿ ಅರ್ಧ; ಮಿಕ್ಕಿದ್ದು ಕಡೂರು, ತರೀಕೆರೆ, ಅಜ್ಜಂಪುರ ಎಂದು ಚೆದುರಿಕೊಂಡಿವೆ, ಸಖರಾಯಪಟ್ಟಣದಲ್ಲಿ ಒಂದೇ ಒಂದು. ನಮ್ಮ ಪಾದ್ರಿ ಅಯ್ಯನವರು ಇರುವುದು ತರೀಕೆರೆಯಲ್ಲಿ. ಅಲ್ಲಿಯ ಸಭೆಯನ್ನೂ ನಮ್ಮದನ್ನೂ ಅವರೊಬ್ಬರೇ ನೋಡಿಕೊಳ್ಳಬೇಕು. ನಾನು ಶಾಲೆಯಲ್ಲಿ ಗಣಿತದ ಟೀಚರು, ಸಭೆಯಲ್ಲಿ ಕಾರ್ಯದರ್ಶಿ. ನಮ್ಮವರು ಜಯರಾಜ್ ಬೀರೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್.

ನಮ್ಮಲ್ಲಿ ಯಾರ ಜಾಗ ಯಾವುದೆಂದು ಎಲ್ಲೂ ಬರೆದಿಲ್ಲ, ಆದರೆ ಯಾರೂ ಇನ್ನೊಬ್ಬರ ಜಾಗದಲ್ಲಿ ಕೂರುವುದಿಲ್ಲ. ಹೆಣ್ಣುಮಕ್ಕಳ ಸಾಲಿನಲ್ಲಿ ಕೊನೆಯ ಬೆಂಚಿನ ಗೋಡೆ ಬದಿಯ ಜಾಗ ದೀನಮ್ಮನವರದು. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ. ಅಜ್ಜಂಪುರದ ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಸ ಮಾಡಿ ನಿವೃತ್ತಿಯಾದವರು. ಅಲ್ಲೇ ಮೆಹಬೂಬಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಗಂಡ ಎಂದೋ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆರಾಧನೆ ಮುಗಿದ ಮೇಲೆ ನಾವೆಲ್ಲ ಬಾಗಿಲಲ್ಲಿ ನಿಂತು ಹರಟೆ ಹೊಡೆಯುತ್ತಿದ್ದರೆ, ಅವರು ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು. ಅವತ್ತು ಯಾರ ಜಾಗ ಖಾಲಿಯಿತ್ತೋ ಅವರ ಮನೆಗೆ. ಕಡೂರಾದರೆ ಬಸ್ಸು, ತರೀಕೆರೆಯಾದರೆ ರೈಲು. ಯಾರೂ ಅವರಿಗೆ ಒಪ್ಪಿಸಿದ ಕೆಲಸವಲ್ಲ ಅದು. ಹಿಂದೆ ಅವರ ಅತ್ತೆ ಮಾಡುತ್ತಿದ್ದರಂತೆ, ಅವರು ಹೋದ ಮೇಲೆ ಇವರು ಮಾಡಿದರು.

ನನ್ನ ತಂದೆ ತೀರಿಕೊಂಡ ವರ್ಷ ನಾನು ಮೂರು ಭಾನುವಾರ ದೇವಾಲಯಕ್ಕೆ ಹೋಗಲಿಲ್ಲ. ದೇವರ ಮೇಲೆ ಸಿಟ್ಟಿತ್ತು, ಸಮಾಧಾನ ಹೇಳುವವರ ಮೇಲೆ ಅದಕ್ಕಿಂತ ಹೆಚ್ಚು. ಮೂರನೆಯ ಭಾನುವಾರ ಮಧ್ಯಾಹ್ನ ದೀನಮ್ಮ ಬಂದು ಮೆಟ್ಟಿಲ ಮೇಲೆ ಕೂತರು.

"ಏನ್ ದೀನಮ್ಮನೋರೇ, ಇಷ್ಟು ಬಿಸಿಲಲ್ಲಿ?" ಎಂದೆ.

"ಜಾಗ ಖಾಲಿ ಇತ್ತು ಕಣವ್ವಾ, ಅದಕ್ಕೆ ಬಂದೆ."

ಅಷ್ಟೇ. ಪ್ರಾರ್ಥನೆ ಇಲ್ಲ, ಬುದ್ಧಿಮಾತಿಲ್ಲ. ಹಾಕಿದ ಅನ್ನ ಸಾರು ಉಂಡರು, ತಟ್ಟೆ ತಾವೇ ತೊಳೆದಿಟ್ಟರು, ಸಂಜೆಯ ಪ್ಯಾಸೆಂಜರಿಗೆ ಹೊರಟರು. ಅವರು ಕೂತಿದ್ದ ಮೆಟ್ಟಿಲಲ್ಲಿ ನೀಲಗಿರಿ ಎಣ್ಣೆಯ ವಾಸನೆ ಸ್ವಲ್ಪ ಹೊತ್ತು ಉಳಿದಿತ್ತು. ಮಂಡಿನೋವಿಗೆ ಹಚ್ಚುತ್ತಿದ್ದರು. ಮುಂದಿನ ವಾರ ನಾನು ಹೋದೆ.

ಕೊರೋನಾದ ಮೊದಲ ವರ್ಷ ದೇವಾಲಯಕ್ಕೆ ಬೀಗ ಬಿದ್ದಾಗ ಸಭೆಗೊಂದು ವಾಟ್ಸಾಪ್ ಗ್ರೂಪು ಮಾಡಿದವಳು ನಾನು. ನನಗೆ ಅಚ್ಚುಕಟ್ಟು ಎಂದರೆ ಪ್ರಾಣ. ಭಾನುವಾರ ಒಂಬತ್ತೂವರೆಗೆ ಅಯ್ಯನವರ ಪ್ರಸಂಗ ತರೀಕೆರೆಯಿಂದ ನನ್ನ ಫೋನಿಗೆ ಬರುತ್ತಿತ್ತು. ಮೊದಲು ಕೀರ್ತನೆ, ಆಮೇಲೆ ಬೈಬಲ್ಲಿನ ಪಾಠ, ಆಮೇಲೆ ಪ್ರಸಂಗ, ಕೊನೆಗೆ ಆಶೀರ್ವಾದ ಎಂದು ಒಂದರ ಹಿಂದೆ ಒಂದು ಹಾಕುತ್ತಿದ್ದೆ. ಎಲ್ಲ ಕೇಳಿದವರು ಕೊನೆಯಲ್ಲಿ ಆಮೆನ್ ಎಂದು ಕಳಿಸಬೇಕು. ಅದೇ ಹಾಜರಿ. ಗುಡ್ ಮಾರ್ನಿಂಗ್ ಹೂವು, ಕಷಾಯದ ಫಾರ್ವರ್ಡು ಹಾಕಿದವರಿಗೆ ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದೆ. ನಮ್ಮವರು ನಗುತ್ತಿದ್ದರು. "ದೇವರೇ ಬಂದು ಗ್ರೂಪಲ್ಲಿ ಏನಾದ್ರೂ ಹಾಕಿದ್ರೆ ಇವಳು ಡಿಲೀಟ್ ಮಾಡ್ತಾಳೆ" ಎನ್ನುತ್ತಿದ್ದರು. ಆಗ ಅದು ನಗುವ ಮಾತಾಗಿತ್ತು.

ನಾನು ಹೇಳಹೊರಟಿರುವುದು ಎರಡನೆಯ ಸಲ ಬೀಗ ಬಿದ್ದ ಬೇಸಿಗೆಯ ವಿಷಯ. ಬೀಗ ಬೀಳುವುದೆಂದು ಎಲ್ಲರಿಗೂ ಗೊತ್ತಿದ್ದ ಕೊನೆಯ ಭಾನುವಾರ ದೀನಮ್ಮ ಬಸ್ಸು ಹಿಡಿದು ಬಂದಿದ್ದರು. ಅವರ ಹತ್ತಿರ ಬಟನ್ನಿನ ಹಳೆಯ ಫೋನಿತ್ತು, ಗ್ರೂಪಿನಲ್ಲಿ ಅವರಿರಲಿಲ್ಲ. ಹಿಂದಿನ ವರ್ಷ ಬೀಗ ಬಿದ್ದಿದ್ದಷ್ಟು ದಿನವೂ ಅವರಿಗೆ ಆರಾಧನೆಯೇ ಇರಲಿಲ್ಲ. ನಾನು ಹೊಸ ಫೋನು ತಗೊಂಡಿದ್ದೆ, ನನ್ನ ಹಳೆಯ ಸ್ಮಾರ್ಟ್‌ಫೋನು ಬೀರುವಿನಲ್ಲಿತ್ತು. ಅದನ್ನು ಅವರಿಗೆ ಕೊಡುವುದೆಂದು ತೀರ್ಮಾನಿಸಿ ಸ್ಟೇಷನ್ ರಸ್ತೆಯ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವನು ಬಟನ್ ಫೋನಿನ ಸಿಮ್ಮು ತೆಗೆದು, ಸ್ಟೇಪ್ಲರಿನಂಥ ಒಂದು ಸಾಧನದಲ್ಲಿ ಇಟ್ಟು ಕಟಕ್ಕೆಂದು ಕತ್ತರಿಸಿದ. ನಡುವಿನ ಉಗುರಿನಷ್ಟು ಚೂರು ನಾನು ಕೊಟ್ಟ ಫೋನಿಗೆ ಹೋಯಿತು. ಒಂದು ಪ್ಲಾಸ್ಟಿಕ್ ಚೌಕಟ್ಟು ಕೊಟ್ಟು, "ಇದು ಇಟ್ಕೊಳ್ಳಿ ಮೇಡಂ. ಮತ್ತೆ ಹಳೇ ಫೋನಿಗೇ ಹಾಕ್ಬೇಕು ಅಂದ್ರೆ ಇದರೊಳಗೆ ಸಿಮ್ ಕೂರಿಸಿ ಹಾಕ್ಬೇಕು, ಬರೀ ಸಿಮ್ ನಿಲ್ಲಲ್ಲ" ಎಂದ.

"ಇನ್ನು ಹಳೇದು ಯಾಕೆ?" ಎಂದು ಅದನ್ನು ನನ್ನ ಪರ್ಸಿನ ಚಿಲ್ಲರೆ ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದು ಪಾಠ ಶುರು ಮಾಡಿದೆ. ದೀನಮ್ಮನಿಗೆ ಗಲಿಬಿಲಿಯಾಗಬಾರದೆಂದು ಫೋನಿನ ಮೊದಲ ಪರದೆಯಲ್ಲಿದ್ದ ಎಲ್ಲ ಚಿತ್ರಗಳನ್ನೂ ತೆಗೆದುಹಾಕಿದೆ. ಕ್ಯಾಮೆರಾ ತೆಗೆದೆ. ಕೈತಪ್ಪಿ ಎಲ್ಲಿಗಾದರೂ ಕರೆ ಹೋದೀತೆಂದು ಕಾಲ್ ಮಾಡುವ ಹಸಿರು ಚಿತ್ರವನ್ನೂ ತೆಗೆದೆ. ಉಳಿದದ್ದು ಒಂದೇ: ನಮ್ಮ ದೇವಾಲಯದ ಫೋಟೋ. ಅದನ್ನು ಮುಟ್ಟಿದರೆ ನೇರ ಗ್ರೂಪು ತೆರೆದುಕೊಳ್ಳುತ್ತಿತ್ತು. ಕೆಳಗಿನ ಮೂಲೆಯ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಬೇಕು, ಕೈ ಬಿಟ್ಟರೆ ಎಲ್ಲರಿಗೂ ಹೋಗುತ್ತದೆ. ಹತ್ತು ಸಲ ಮಾಡಿಸಿದೆ. ಹತ್ತನೆಯ ಸಲಕ್ಕೆ ಸರಿಯಾಗಿ ಮಾಡಿದರು.

ಆಮೇಲೆ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅದ್ರಾಗೆ ಎರಡನ್ನ ಒತ್ತಿ ಹಿಡ್ಕೊಂಡ್ರೆ ನೀನು ಸಿಗ್ತಿದ್ದೆ, ಮೂರಕ್ಕೆ ಅಯ್ನೋರು. ಇದ್ರಾಗೆ ಎರಡು ಎಲ್ಲೈತೆ?"

"ಇದ್ರಲ್ಲಿ ಎರಡೂ ಬೇಡ, ಮೂರೂ ಬೇಡ ದೀನಮ್ಮನೋರೇ. ಇಲ್ಲಿ ಒಂದ್ಸಲ ಮಾತಾಡಿದ್ರೆ ನಲವತ್ತಾರು ಮನೆಗೂ ಕೇಳುತ್ತೆ."

"ನಲವತ್ತಾರು ಮನೆ ತಗೊಂಡು ಏನ್ ಮಾಡ್ಲವ್ವಾ? ಬೇಕಾದಾಗ ಒಬ್ರು ಸಿಕ್ರೆ ಸಾಕು" ಎಂದು ನಕ್ಕರು. ಬಟನ್ನಿನ ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಚೀಲದ ತಳಕ್ಕಿಟ್ಟುಕೊಂಡರು. ಅವತ್ತು ನನಗೆ ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯಿತ್ತು. ಎಷ್ಟು ಹೆಮ್ಮೆಯೆಂದರೆ, ಆ ಫೋನಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಬೇಕೆಂಬುದು ಕೂಡ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ಬೀರೂರು ಜಂಕ್ಷನ್ ಎಂಬ ಹೆಸರಿಗೇ ಅರ್ಥವಿರಲಿಲ್ಲ. ಪ್ಯಾಸೆಂಜರುಗಳು ನಿಂತಿದ್ದವು, ಗೂಡ್ಸು ಮಾತ್ರ ಓಡುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಅಂಗಡಿಗಳ ಶಟರು ಎಳೆದರೆಂದರೆ ಆಮೇಲೆ ಊರಿನಲ್ಲಿ ಕೇಳುವುದು ಆಂಬುಲೆನ್ಸ್ ಮತ್ತು ಕಾಗೆ. ಬಿಸಿಲು ಹೆಂಚಿನ ಮೇಲೆ ಕೂತು ಏಳುತ್ತಲೇ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿ, ಗಾಳಿ ಎದ್ದು, ನಾಲ್ಕು ಹನಿ ಬಿದ್ದು ನಿಂತುಹೋಗುತ್ತಿತ್ತು. ಗ್ರೂಪಿನಲ್ಲಿ ದಿನವೂ ಒಂದು ಪ್ರಾರ್ಥನೆಯ ಬಿನ್ನಹ. ತರೀಕೆರೆಯ ನಮ್ಮ ಹಿರಿಯರೊಬ್ಬರು ಹೋದರು, ಅವರ ಮಣ್ಣಿಗೆ ಮಗಳಿಗೂ ಹೋಗಲಾಗಲಿಲ್ಲ. ಕಡೂರಿನಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ವಾರದಲ್ಲಿ. ಪ್ರತಿ ಸಲವೂ ನಾನು ಸುದ್ದಿ ಹಾಕುವುದು, ನಲವತ್ತು ಕಡೆಯಿಂದ ಕೈಮುಗಿದ ಚಿತ್ರ ಬರುವುದು. ಅಯ್ಯನವರು ಪ್ರಸಂಗದ ನಡುವೆ ಕೆಮ್ಮಿದರೂ ನಮಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ದೀನಮ್ಮ ಗ್ರೂಪಿನಲ್ಲೂ ತಮ್ಮ ಕೆಲಸ ಬಿಡಲಿಲ್ಲ. ಎಲ್ಲರೂ ಆಮೆನ್ ಕಳಿಸಿ ಮುಗಿದ ಮೇಲೆ, ಭಾನುವಾರ ಹನ್ನೊಂದರ ಹೊತ್ತಿಗೆ ಅವರ ವಾಯ್ಸು ಬರುತ್ತಿತ್ತು. ಮೊದಲು ಬರೀ ಉಸಿರು, ಹಿಂದೆ ಮೆಹಬೂಬಿಯ ಕೋಳಿಗಳ ಸದ್ದು, ಆಮೇಲೆ ದನಿ. "ಎಲ್ರಿಗೂ ಸ್ತೋತ್ರ. ಸಕ್ರೇಪಟ್ಣದ ಶಾಂತಮ್ಮ ಆಮೆನ್ ಅಂದಿಲ್ಲ, ಯಾಕವ್ವಾ? ತರೀಕೆರೆ ದೇವಣ್ಣನೂ ಕಾಣ್ಲಿಲ್ಲ. ಹುಷಾರಾಗಿದೀರೇನಪ್ಪಾ?" ಆಮೆನ್‌ಗಳನ್ನು ಒಂದೊಂದಾಗಿ ಹೆಸರು ಓದಿ ಯಾರು ತಪ್ಪಿದರೆಂದು ಅವರು ಹೇಗೆ ಕಂಡುಹಿಡಿಯುತ್ತಿದ್ದರೋ. ಹೆಸರುಗಳನ್ನು ನಾನೇ ಕನ್ನಡದಲ್ಲಿ ಸೇವ್ ಮಾಡಿಕೊಟ್ಟಿದ್ದೆ, ಕೂಡಿಸಿ ಕೂಡಿಸಿ ಓದುತ್ತಿದ್ದರೆಂದು ಕಾಣುತ್ತದೆ. ಕೆಲವರಿಗೆ ಇದು ಹಿತವಾಗಿತ್ತು. ಕೆಲವರಿಗೆ ಮುಜುಗರ. ನನಗೆ, ನಿಜ ಹೇಳಬೇಕೆಂದರೆ, ಕಿರಿಕಿರಿ. ಆಶೀರ್ವಾದ ಮುಗಿದ ಮೇಲೆ ಇನ್ನೇನು ಮಾತು ಎನ್ನುವುದು ನನ್ನ ಲೆಕ್ಕ.

ಕಡೂರಿನ ಪ್ರಭಾಕರ ನಮ್ಮ ಸಭೆಯಲ್ಲಿ ಕೀಬೋರ್ಡು ನುಡಿಸುತ್ತಿದ್ದವರು. ಪೇಟೆಯಲ್ಲಿ ಬೇಕರಿ ಇತ್ತು. ಎರಡು ವಾರ ಅವರ ಮನೆಯಿಂದ ಆಮೆನ್ ಬರಲಿಲ್ಲ. ದೀನಮ್ಮ ಕೇಳಿಯೇ ಕೇಳಿದರು. "ಕಡೂರಿನ ಪ್ರಭಾಕರಪ್ಪನ ಮನೇರು ಎರಡು ವಾರದಿಂದ ಇಲ್ಲ. ಯಾರಿಗಾರ ಜ್ವರಗಿರ ಬಂತೇನಪ್ಪಾ? ಬಸ್ಸಿದ್ದಿದ್ರೆ ನಾನೇ ಬತ್ತಿದ್ದೆ. ಹತ್ರ ಇರೋರು ಯಾರಾದ್ರೂ ಹೋಗಿ ನೋಡ್ರಪ್ಪಾ."

ಅವರ ಮನೆಯಲ್ಲಿ ಜ್ವರ ಬಂದಿತ್ತು. ಹೆಂಡತಿಯನ್ನು ಶಿವಮೊಗ್ಗದಲ್ಲಿ ಆಕ್ಸಿಜನ್ ಮೇಲೆ ಮಲಗಿಸಿದ್ದರು. ಯಾರಿಗೂ ಹೇಳಿರಲಿಲ್ಲ. ನಮ್ಮ ಸಭೆಯವರೇ ಯಾರೋ ಆ ವಾಯ್ಸನ್ನು ಇನ್ನೊಂದು ಕಡೆ ಕಳಿಸಿದರು, ಅಲ್ಲಿಂದ ಅದು ಅವರ ಬೀದಿಯ ಗ್ರೂಪಿಗೇ ಹೋಯಿತು. ಮರುದಿನ ಹಾಲಿನವನು ಅವರ ಮನೆ ದಾಟಿ ಹೋದ. ಬೇಕರಿಯ ಮುಂದೆ ನಿಂತು ಯಾರೋ ಬೈದರಂತೆ.

ಪ್ರಭಾಕರ ನನಗೆ ಫೋನು ಮಾಡಿದರು. "ಟೀಚರ್, ಆ ಮುದುಕಿ ಬಾಯಿ ಮುಚ್ಚಿಸ್ತೀರೋ ಇಲ್ವೋ? ನನ್ ಹೆಂಡ್ತಿ ಅಲ್ಲಿ ಉಸಿರಿಗೆ ಒದ್ದಾಡ್ತಾ ಅವ್ಳೆ. ಇಲ್ಲಿ ಊರೋರೆಲ್ಲ ನಮ್ಮನ್ನ ಹೆಣ ನೋಡ್ದಂಗೆ ನೋಡ್ತಾವ್ರೆ. ನೀವು ಸುಮ್ನಿದ್ರೆ ನಾವು ಸಭೆನೇ ಬಿಟ್ಬಿಡ್ತೀವಿ, ಅಷ್ಟೇ."

ದೀನಮ್ಮನಿಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಕರೆ ಬಂದರೆ ಹಸಿರು ಗುರುತನ್ನು ಮೇಲಕ್ಕೆ ಎಳೆಯಬೇಕೆಂದು ಹೇಳಿಕೊಟ್ಟಿದ್ದೆ, ಅದು ಅವರಿಗೆ ಒಂದು ದಿನವೂ ಒಲಿದಿರಲಿಲ್ಲ. ಮೂರು ಸಲ ಮಾಡಿದೆ. ಆಮೇಲೆ ಬೇಸತ್ತು, ಗ್ರೂಪಿನ ಸೆಟ್ಟಿಂಗಿಗೆ ಹೋಗಿ, ಅಡ್ಮಿನ್ ಮಾತ್ರ ಮಾತಾಡಬಹುದು ಎಂಬುದನ್ನು ಒತ್ತಿದೆ. ಒಂದು ಸಂದೇಶ ಹಾಕಿದೆ: ಸಭೆಯ ಸಮಾಧಾನಕ್ಕಾಗಿ ಕೆಲವು ದಿನ ಗ್ರೂಪನ್ನು ಮುಚ್ಚಲಾಗಿದೆ, ಆರಾಧನೆ ಎಂದಿನಂತೆ ನಡೆಯುತ್ತದೆ, ಬಿನ್ನಹಗಳಿದ್ದರೆ ನನಗೆ ಪ್ರತ್ಯೇಕವಾಗಿ ಕಳಿಸಿ. ಎಲ್ಲರಿಗೂ ಒಂದೇ ನಿಯಮ ಎಂದುಕೊಂಡೆ. ಅದು ಒಬ್ಬರ ಬಾಯಿಗೆ ಹಾಕಿದ ಬೀಗವೆಂದು ನನಗೆ ಗೊತ್ತಿತ್ತು.

ಆ ಒಬ್ಬರಿಗೆ ಪ್ರತ್ಯೇಕವಾಗಿ ಕಳಿಸುವುದು ಹೇಗೆಂದು ನಾನು ಹೇಳಿಕೊಟ್ಟಿರಲಿಲ್ಲ. ಅವರು ಒತ್ತುತ್ತಿದ್ದ ಮೂಲೆಯಲ್ಲಿ ಈಗ ಮೈಕಿನ ಗುರುತು ಇರುವುದಿಲ್ಲ, ಅದರ ಬದಲು ಇಂಗ್ಲಿಷಿನ ಒಂದು ಸಾಲು ಇರುತ್ತದೆ ಎಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ.

ಆಮೆನ್ ಇಲ್ಲದ ಮೇಲೆ ಹಾಜರಿಗೆ ಬೇರೆ ದಾರಿ ಕಂಡುಕೊಂಡೆ. ನಾನು ಹಾಕಿದ ಸಂದೇಶದ ಮೇಲೆ ಒತ್ತಿ ಹಿಡಿದರೆ ಯಾರು ಯಾರು ನೋಡಿದರು, ಯಾರಿಗೆ ತಲುಪಿ ನೋಡಿಲ್ಲ, ಯಾರಿಗೆ ತಲುಪೇ ಇಲ್ಲ ಎಂದು ಪಟ್ಟಿ ಬರುತ್ತದೆ. ಬುಧವಾರದ ಪ್ರಾರ್ಥನೆಯನ್ನು ದೀನಮ್ಮ ಕೇಳಿದ್ದರು. ಭಾನುವಾರದ ಪ್ರಸಂಗವನ್ನೂ ಪೂರ್ತಿ ಕೇಳಿದ್ದರು. ಸದ್ಯ, ಸುಮ್ಮನಿದ್ದಾರೆ ಎಂದುಕೊಂಡೆ. ಅದರ ಮುಂದಿನ ಬುಧವಾರ ಅವರ ಹೆಸರು ತಲುಪಿದವರ ಪಟ್ಟಿಯಲ್ಲಿತ್ತು, ನೋಡಿದವರಲ್ಲಿ ಇರಲಿಲ್ಲ.

"ದೀನಮ್ಮ ಮುನಿಸಿಕೊಂಡಿದಾರೆ" ಎಂದು ನಮ್ಮವರಿಗೆ ಹೇಳಿದೆ.

"ಅವ್ರು ಮುನಿಸಿಕೊಂಡಿದ್ದು ಯಾವಾಗ ಕಂಡಿದೀಯಾ?" ಎಂದರು. "ನಾಳೆ ಆ ಕಡೆ ಗೂಡ್ಸಿದೆ. ಗಾರ್ಡಿಗೆ ಹೇಳಿ ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಾ?"

"ಬೇಡ, ಸುಮ್ನಿರಿ. ಈಗ ಹೋಗಿ ಸಮಾಧಾನ ಮಾಡಿದ್ರೆ ಮತ್ತೆ ಶುರು ಮಾಡ್ಕೊತಾರೆ. ಎರಡು ದಿನ ಹೋದ್ರೆ ತಾನೇ ಸರಿಹೋಗ್ತಾರೆ."

ನಮ್ಮವರು ಮತ್ತೆ ಕೇಳಲಿಲ್ಲ. ಶುಕ್ರವಾರ ಒಂದು ಸಾವಿನ ಸುದ್ದಿ ಹಾಕಿದೆ. ಅದು ದೀನಮ್ಮನಿಗೆ ತಲುಪಲೇ ಇಲ್ಲ. ಶನಿವಾರ ಫೋನು ಮಾಡಿದರೆ ಸ್ವಿಚ್ ಆಫ್. ಅಜ್ಜಂಪುರದಲ್ಲಿ ಗಾಳಿಮಳೆಯಾಗಿದೆ, ಕರೆಂಟು ಹೋಗಿರಬೇಕು, ಚಾರ್ಜಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರವೂ ತಲುಪಲಿಲ್ಲ. ಅವತ್ತು ಆರಾಧನೆ ಹಾಕಿ ಮುಗಿಸಿದ ಮೇಲೆ ಹನ್ನೊಂದು ಗಂಟೆಗೆ ಮನೆಯಲ್ಲಿ ಒಂಥರಾ ಬಿಕೋ ಎನ್ನಿಸಿತು. ಆ ಹೊತ್ತಿಗೆ ಬರುತ್ತಿದ್ದ ಕೋಳಿಗಳ ಸದ್ದು ಇರಲಿಲ್ಲ. ಆಗಲೂ ನಾನು ಎದ್ದು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಟೀಚರ್ ಅಮ್ಮಾ, ನಾನು ಅಜ್ಜಂಪುರದಿಂದ ಮೆಹಬೂಬಿ. ನಿಮ್ ನಂಬರ್ ಇಲ್ಲಿ ಗೋಡೆ ಕ್ಯಾಲೆಂಡರಲ್ಲಿ ಇತ್ತು. ಯಾ ಅಲ್ಲಾ, ಹೆಂಗೆ ಹೇಳ್ಲಿ? ಬೇಗ ಬನ್ನಿ ಅಮ್ಮಾ. ದೀನಮ್ಮ ಹೋಗ್ಬಿಟ್ಟವ್ರೆ."

ಮೆಹಬೂಬಿಯ ತಂಗಿ ಶಿವಮೊಗ್ಗದಲ್ಲಿ ತೀರಿಕೊಂಡಿದ್ದರು. ಮಣ್ಣಿಗೆಂದು ಹೋದ ಮನೆಮಂದಿಗೆಲ್ಲ ಅಲ್ಲೇ ಜ್ವರ ಬಂದು, ಹನ್ನೆರಡು ದಿನ ಹೊರಗೆ ಬಿಟ್ಟಿರಲಿಲ್ಲ. ಮುಂದಿನ ಮನೆಗೆ ಬೀಗ ಬಿದ್ದರೆ ಹಿಂದಿನ ಕೋಣೆಯಲ್ಲೊಬ್ಬರು ಇದ್ದಾರೆಂದು ಬೀದಿಗೆ ತಿಳಿಯುವುದಿಲ್ಲ. ಅಲ್ಲಿ ಇಲಿಯಷ್ಟೂ ಸದ್ದು ಮಾಡದೆ ಇರುವುದು ದೀನಮ್ಮನ ಅಭ್ಯಾಸ. ಜ್ವರ ಬಂದವರು ಹೊರಗೆ ಕಾಲಿಡಬಾರದೆಂಬುದನ್ನು, ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಕಳೆದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಮ್ಮವರು ಓಡಾಟಕ್ಕೆ ಪಾಸು ಮಾಡಿಸಿದರು, ಬೈಕಿನಲ್ಲಿ ಹೋದೆವು. ದಾರಿಯಲ್ಲಿ ಎರಡು ಕಡೆ ಪೊಲೀಸರು ನಿಲ್ಲಿಸಿದರು. ಸಾವು ಎಂದರೆ ಬಿಟ್ಟರು. ನಾವು ಹೋಗುವಷ್ಟರಲ್ಲಿ ಆಸ್ಪತ್ರೆಯವರು ಬಂದು ದೇಹವನ್ನು ಕಟ್ಟಿಯಾಗಿತ್ತು. ಒಂದು ದಿನವೋ ಎರಡು ದಿನವೋ ಆಗಿದೆ ಎಂದರು. ನಾನು ಮುಖ ನೋಡಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತೆ. ನೀಲಗಿರಿ ಎಣ್ಣೆಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಶೀಶೆ ಉರುಳಿ ಬಿದ್ದು ಚಾಪೆಯೆಲ್ಲ ಎಣ್ಣೆಯಾಗಿತ್ತು.

ಚಾಪೆಯ ತಲೆದಿಕ್ಕಿಗೆ ಕರ್ಚೀಫು ಹಾಸಿ, ಅದರ ಮೇಲೆ ಎರಡು ಫೋನುಗಳನ್ನೂ ಇಟ್ಟಿದ್ದರು. ಮೊದಲು ನನಗೆ ಅರ್ಥವಾಗಲಿಲ್ಲ. ನಾನು ಕೊಟ್ಟ ಫೋನಿನ ಪಕ್ಕೆಯ ಸಣ್ಣ ತಟ್ಟೆ ಹೊರಗೆ ಬಂದಿತ್ತು, ಅದರಲ್ಲಿ ಸಿಮ್ಮಿರಲಿಲ್ಲ. ಪಕ್ಕದಲ್ಲಿ ಒಂದು ಸೀರೆ ಪಿನ್ನು. ಅಂಗಡಿಯಲ್ಲಿ ಸಿಮ್ಮು ಹಾಕುವಾಗ ತಟ್ಟೆ ಬರದೆ ಹೋಗಿ, ನಾನು ನನ್ನ ಸೆರಗಿನ ಪಿನ್ನು ತೆಗೆದುಕೊಟ್ಟಿದ್ದೆ, ಅವರು ನೋಡಿಕೊಂಡಿದ್ದರು. ಬಟನ್ನಿನ ಫೋನಿನ ಬೆನ್ನು ಕಳಚಿತ್ತು, ಬ್ಯಾಟರಿ ಹೊರಗಿತ್ತು. ಸಿಮ್ಮಿನ ದೊಡ್ಡ ಮನೆಯಲ್ಲಿ ಆ ಉಗುರಿನಷ್ಟು ಚೂರು ಓರೆಯಾಗಿ ಸಿಕ್ಕಿಕೊಂಡಿತ್ತು. ಅದು ಅಲುಗಾಡದಿರಲೆಂದು ಕಾಗದದ ತುಣುಕನ್ನು ಮಡಿಸಿ ತುರುಕಿದ್ದರು. ಕಾಗದ ಸಭೆಯ ಕ್ಯಾಲೆಂಡರಿನದು.

"ಇದೇನು ರಿಪೇರಿ ಮಾಡ್ತಿದ್ರೋ ಏನೋ" ಎಂದರು ಮೆಹಬೂಬಿ.

ನಮ್ಮವರು ಫೋನುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಹೊರಗೆ ಹೋಗಿ ಬೈಕಿನ ಹತ್ತಿರ ನಿಂತುಕೊಂಡರು. ಮೆಹಬೂಬಿ ಎರಡನ್ನೂ ಸ್ಯಾನಿಟೈಸರಿನಿಂದ ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಯಾರಿಗೆ ಕೊಡಬೇಕೋ ಅವರಿಗೆ ಗೊತ್ತಿರಲಿಲ್ಲ. ಅವರ ಮಟ್ಟಿಗೆ ನಾನೇ ಹತ್ತಿರದವಳು.

ಬೀರೂರಿನ ನಮ್ಮ ಸಮಾಧಿಯ ಜಾಗದಲ್ಲಿ ಮಣ್ಣು ಮಾಡಿದೆವು. ಅಯ್ಯನವರು, ನಾವಿಬ್ಬರು, ಪಿಪಿಇ ಕಿಟ್ಟಿನ ನೀಲಿ ಅಂಗಿ ತೊಟ್ಟ ನಾಲ್ವರು. ನಮ್ಮವರು ದೇವಾಲಯದ ಬೀಗ ತೆಗೆದು ಗಂಟೆ ಹೊಡೆದರು. ಊರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅದು ಸ್ಟೇಷನ್ನಿನವರೆಗೂ ಕೇಳಿಸಿತಂತೆ. ಸಂಜೆ ಗ್ರೂಪನ್ನು ತೆರೆದು ಸುದ್ದಿ ಹಾಕಿದೆ: ನಮ್ಮ ಪ್ರೀತಿಯ ದೀನಮ್ಮನವರು ಕರ್ತನಲ್ಲಿ ನಿದ್ರೆ ಹೋದರು. ಹತ್ತು ನಿಮಿಷದಲ್ಲಿ ನಲವತ್ತು ಆಮೆನ್ ಬಂದವು. ಕೈಮುಗಿದ ಚಿತ್ರಗಳು, ಮೋಂಬತ್ತಿಯ ಚಿತ್ರಗಳು. ಇಷ್ಟು ಜನ ಇಲ್ಲೇ ಇದ್ದರು, ಒಂದು ಬೆರಳು ದೂರದಲ್ಲಿ.

ಕೊನೆಯಲ್ಲಿ ಪ್ರಭಾಕರನ ವಾಯ್ಸು ಬಂತು. ಅಳುತ್ತಿದ್ದರು. ಅವರ ಹೆಂಡತಿಯ ಉಸಿರಿನ ನಳಿಕೆ ಅವತ್ತೇ ತೆಗೆದಿದ್ದರು, ಬದುಕಿಕೊಂಡರು. "ನಾನು ಪಾಪಿ ಕಣ್ರೀ" ಎಂದರು. "ಎರಡು ವಾರ ನಾವು ಬದುಕಿದೀವೋ ಸತ್ತಿದೀವೋ ಅಂತ ಕೇಳ್ದೋರು ಆ ಯಮ್ಮ ಒಬ್ರೇ. ನಾನು ಅವರ್ನ ಬೈದೆ. ಎಲ್ರೂ ನನ್ನ ಕ್ಷಮಿಸ್ಬೇಕು."

ಅವರು ಬೈದದ್ದು ನನ್ನ ಕಿವಿಗೆ ಮಾತ್ರ ಬಿದ್ದಿತ್ತು. ದೀನಮ್ಮನಿಗೆ ಅದು ತಿಳಿದೇ ಇರಲಿಲ್ಲ. ಆದರೂ ಪ್ರಭಾಕರ ಎಲ್ಲರ ಮುಂದೆ ಒಪ್ಪಿಕೊಂಡರು. ನಾನು ಆ ವಾಯ್ಸಿನ ಕೆಳಗೆ ಒಂದು ಆಮೆನ್ ಹಾಕಿ ಸುಮ್ಮನಾದೆ.

ಇವತ್ತಿನವರೆಗೂ ಸುಮ್ಮನೇ ಇದ್ದೇನೆ. ಕಳೆದ ಕ್ರಿಸ್ಮಸ್ಸಿನಲ್ಲಿ, ಕಷ್ಟದ ದಿನಗಳಲ್ಲಿ ಗ್ರೂಪಿನ ಮೂಲಕ ಸಭೆಯನ್ನು ಒಟ್ಟಿಗೆ ಹಿಡಿದಿಟ್ಟಿದ್ದಕ್ಕೆ ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಯ್ಯನವರು ಎರಡು ಒಳ್ಳೆಯ ಮಾತು ಹೇಳಿದರು. ಚಪ್ಪಾಳೆ ಬಿತ್ತು. ಗಂಡಸರ ಸಾಲಿನಲ್ಲಿ ನಮ್ಮವರು ಕೈ ತಟ್ಟದೆ ನೆಲ ನೋಡುತ್ತ ಕೂತಿದ್ದರು. ಕೊನೆಯ ಬೆಂಚಿನ ಗೋಡೆ ಬದಿಯಲ್ಲಿ ಈಗಲೂ ಯಾರೂ ಕೂರುವುದಿಲ್ಲ. ಯಾವ ಭಾನುವಾರ ಯಾರ ಜಾಗ ಖಾಲಿಯಾದರೂ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಗ್ರೂಪಿನಲ್ಲಿ ಕೇಳುತ್ತೇವೆ.

ಶಾಲಿನ ದಿನ ಹೇಳಬೇಕಿತ್ತು. ಹೇಳಬೇಕೆಂದೇ ಎದ್ದು ನಿಂತೆ ಕೂಡ. ಧನ್ಯವಾದ ಎಂದು ಹೇಳಿ ಕೂತೆ.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಡೆದದ್ದನ್ನು ಮಾತ್ರ ನಮ್ಮವರಿಗೂ ಹೇಳಿಲ್ಲ. ಅವರು ಡ್ಯೂಟಿಗೆ ಹೋಗಿದ್ದರು. ಹಾಲಿನವನಿಗೆ ಚಿಲ್ಲರೆ ಕೊಡಲೆಂದು ಪರ್ಸಿನ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಆ ಪ್ಲಾಸ್ಟಿಕ್ ಚೌಕಟ್ಟು ಸಿಕ್ಕಿತು. ಅಂಗಡಿಯವನು ಇಟ್ಟುಕೊಳ್ಳಿ ಎಂದು ಕೊಟ್ಟದ್ದು, ದೀನಮ್ಮನ ಚೀಲಕ್ಕೆ ಹೋಗಬೇಕಾಗಿದ್ದದ್ದು. ಅವತ್ತಿನಿಂದ ನನ್ನ ಹತ್ತಿರವೇ ಇತ್ತು.

ಊಟದ ಮೇಜಿನ ಮೇಲೆ ಕವರು ಬಿಚ್ಚಿದೆ. ಕಾಗದದ ತುಣುಕು ತೆಗೆದು, ಸಿಮ್ಮಿನ ಚೂರನ್ನು ಚೌಕಟ್ಟಿನಲ್ಲಿ ಕೂರಿಸಿ, ಬಟನ್ನಿನ ಫೋನಿಗೆ ಹಾಕಿದೆ. ಸಲೀಸಾಗಿ ಕೂತಿತು. ಬ್ಯಾಟರಿ ಹಾಕಿ ಒತ್ತಿದರೆ ಫೋನು ಬೆಳಗಿತು. ಅವರು ಅದನ್ನು ಪೂರ್ತಿ ಚಾರ್ಜು ಮಾಡಿಟ್ಟಿದ್ದರು. ಎಲ್ಲ ಅಂಕಿಗಳೂ ಸ್ಪಷ್ಟವಾಗಿದ್ದವು, ಎರಡು ಎಂಬ ಅಂಕಿ ಮಾತ್ರ ಒತ್ತಿ ಒತ್ತಿ ಸವೆದಿತ್ತು. ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದೆ.

ಮೇಜಿನ ಆ ತುದಿಯಲ್ಲಿದ್ದ ನನ್ನ ಫೋನು ತಕ್ಷಣವೇ ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ ದೀನಮ್ಮ ಎಂದು ಬಂತು. ಅದು ಪೂರ್ತಿ ರಿಂಗಾಗಿ ತಾನಾಗಿ ನಿಲ್ಲುವವರೆಗೂ ನಾನು ಕೂತು ನೋಡಿದೆ, ಎತ್ತಲಿಲ್ಲ.